ನೋಡ್ಕೊಂತ ಇರು

ಲಂಡನ್ನಿಗೆ ಹೊರಟವರು ಕೊಟ್ರಪ್ಪ ಸಾವ್ಕಾರರ ಮನೆಯವರು. ಸೊಂಟ ಹಿಡಿದದ್ದು ಅವರ ಹಿತ್ತಲಲ್ಲಿ ಕೆಲಸ ಮಾಡುವ ದುರಗವ್ವನದು.

ಎಂಬತ್ತೊಂಬತ್ತರ ಬೇಸಿಗೆ. ಬ್ಯಾಡಗಿ ಪೇಟೆಗೆ ಬರುವ ಮೆಣಸಿನಕಾಯಿ ಗಾಡಿಗಳು ಕಡಿಮೆಯಾಗಿದ್ದವು. ಘಾಟು ಮಾತ್ರ ಕಡಿಮೆಯಾಗಿರಲಿಲ್ಲ. ಒಂದು ಗಾಳಿ ಬೀಸಿದರೆ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವ ಪರವೂರಿನವರು ಸೀನುತ್ತಿದ್ದರು. ಊರಿನವರ ಮೂಗು ಅದನ್ನು ಕೇಳುವುದು ಬಿಟ್ಟು ಯಾವ ಕಾಲವಾಗಿತ್ತೋ. ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಕೊಟ್ರಪ್ಪನ ತಮ್ಮ ಇಂಗ್ಲೆಂಡಿನಲ್ಲಿ ಡಾಕ್ಟರ್. ಪ್ರತಿ ವರ್ಷ ಬರ್ರಿ ಬರ್ರಿ ಅನ್ನುತ್ತಿದ್ದವನು ಈ ಸಲ ಟಿಕೀಟನ್ನೇ ಕಳಿಸಿದ್ದ. ಕೊಟ್ರಪ್ಪ, ಅವನ ಹೆಂಡತಿ ಶಾರದವ್ವ, ಹೈಸ್ಕೂಲಿಗೆ ಹೋಗುವ ಮಗಳು, ಮೂವರೂ ಬೇಸಿಗೆಯನ್ನು ಅಲ್ಲಿ ಕಳೆದು ಮಳೆ ಹಿಡಿದ ಮೇಲೆ ಬರುವವರು.

ಮನೆ ಬಿಟ್ಟು ಹೋಗುವುದೆಂದರೆ ಬಾಗಿಲು ಎಳೆದುಕೊಂಡು ಹೋಗುವುದಲ್ಲ. ನಮ್ಮ ಕಡೆ ವರ್ಷದ ಖಾರ, ವರ್ಷದ ಹಪ್ಪಳ, ಸಂಡಿಗೆ, ಶಾವಿಗೆ ಎಲ್ಲ ಆಗಬೇಕಾದದ್ದು ಬೇಸಿಗೆಯಲ್ಲೇ. ಬೇಸಿಗೆಯಲ್ಲಿ ಮನೆಯವರೇ ಇಲ್ಲವೆಂದರೆ ಇಡೀ ಬೇಸಿಗೆಯ ಕೆಲಸವನ್ನು ಹೊರಡುವುದರೊಳಗೆ ಮುಗಿಸಬೇಕು. ಜೋಳ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಬೆರೆಸಿ ಡ್ರಮ್ಮಿಗೆ ತುಂಬಬೇಕು. ಇದ್ದ ಕೌದಿಯನ್ನೆಲ್ಲ ಒಗೆಯಬೇಕು. ಹಾಸಿಗೆ ಸುತ್ತಬೇಕು. ಇದರ ಮೇಲೆ ಲಂಡನ್ನಿಗೆ ಬೇರೆ ಗಂಟು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೈದುನನಿಗೆ ವರ್ಷ ಸಾಲುವಷ್ಟು ಖಾರದ ಪುಡಿ. ಮಶೀನಿನಲ್ಲಿ ಬೀಸಿದ ಖಾರ ಶಾರದವ್ವನಿಗೆ ಸೇರುವುದಿಲ್ಲ. ಬಣ್ಣ ಕಪ್ಪಾಗುತ್ತದಂತೆ. ಒರಳಲ್ಲೇ ಕುಟ್ಟಬೇಕು. ಒರಳು ಹಿತ್ತಲಲ್ಲಿತ್ತು, ಒನಕೆ ದುರಗವ್ವನ ಕೈಯಲ್ಲಿತ್ತು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವವಳು ಮಂಗಳವ್ವ. ಸಾವ್ಕಾರರ ಪೈಕಿಯವಳೇ, ಆದರೆ ಬಡವಿ, ವಿಧವೆ. ಆಕೆ ಒಳಗೆ, ದುರಗವ್ವ ಹೊರಗೆ. ದುರಗವ್ವನ ಕೇರಿಯವರು ಆ ಮನೆಯಲ್ಲಿ ಪಡಸಾಲೆಯ ತನಕ ಬರಬಹುದು, ಮುಂದಿನ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಇಬ್ಬರ ಮಾತೂ ಅಡಿಗೆಮನೆಯ ಕಿಡಕಿಯ ಸಳಿಗಳ ನಡುವೆ ಹಾಯ್ದು ಬರಬೇಕಿತ್ತು.

"ಅಲ್ಲ ದುರಗವ್ವ, ಲಂಡನ್ನಿನ್ಯಾಗ ಬಿಸಲ ಇಲ್ಲಂತಲ್ಲ. ಆ ಮಂದಿ ಸಂಡಗಿ ಹೆಂಗ ಒಣಗಸ್ತಾರ?"

"ಅದಕ್ಕ ಇಲ್ಲಿಂದ ಒಣಗಿಸಿಕೊಂಡು ಹೊಂಟಾರಲ್ಲ ಮಂಗಳಕ್ಕ."

"ಹಂಗಾರ ಒಂದು ಡಬ್ಬಿ ಬಿಸಲ ತುಂಬಿ ಕೊಡು."

"ತುಂಬೇನಿ. ನನ್ನ ಬೆನ್ನ ಮ್ಯಾಲ ಐತಿ, ಬಂದು ತಕ್ಕೊ."

ಒಳಗಿಂದ ಮಂಗಳವ್ವನ ನಗೆ, ಹಿಂದೆಯೇ ಕೆಮ್ಮು. ಖಾರ ಕುಟ್ಟುವಾಗ ಆ ಮನೆಯಲ್ಲಿ ಯಾರು ನಕ್ಕರೂ ಕೊನೆಗೆ ಕೆಮ್ಮೇ ಬರುತ್ತಿತ್ತು.

ದುರಗವ್ವನ ಗಂಡ ಹನುಮಪ್ಪ ಪೇಟೆಯಲ್ಲಿ ಹಮಾಲ. ಚೀಲ ಹೊತ್ತು ಹೊತ್ತು ಒಂದು ದಿನ ಚೀಲದ ಕೆಳಗೇ ಕುಸಿದ, ಏಳಲಿಲ್ಲ. ಮಗಳು ಚೌಡವ್ವ ಇನ್ನೂ ಕುಳ್ಳು ತಟ್ಟುವ ವಯಸ್ಸಿನವಳು. ಅಲ್ಲಿಂದ ದುರಗವ್ವ ಪೇಟೆಯ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತುಂಬು ಬಿಡಿಸತೊಡಗಿದಳು. ತುಂಬು ಬಿಡಿಸುವುದೆಂದರೆ ಕಾಯಿಯ ತೊಟ್ಟು ಮುರಿಯುವುದು. ಒಂದು ಮುರಿದರೆ ಏನೂ ಅಲ್ಲ. ದಿನವೆಲ್ಲ ಮುರಿದು ಸಂಜೆ ಮರೆತು ಕಣ್ಣು ಒರೆಸಿಕೊಂಡರೆ ಗೊತ್ತಾಗುತ್ತದೆ. ಒಂದು ವರ್ಷ ಆ ಹೆಂಗಸರೆಲ್ಲ ಕೂಲಿ ಹೆಚ್ಚು ಮಾಡಿರಿ ಅಂತ ಲಾರಿ ಹತ್ತಿ ಹಾವೇರಿಗೆ ಹೋಗಿ, ಮೆರವಣಿಗೆಯಲ್ಲಿ ಕೂಗಿ, ಪೊಲೀಸರ ಕೈಯಲ್ಲಿ ಬೈಸಿಕೊಂಡು ಬಂದರು. ದುರಗವ್ವ ಮುಂದಿನ ಸಾಲಿನಲ್ಲಿದ್ದಳು. ಕೂಲಿ ಏನೋ ಒಂಚೂರು ಅಲುಗಾಡಿತು. ಆದರೆ ಧಿಕ್ಕಾರ ಅನ್ನುವ ಶಬ್ದ ಅವಳ ಬಾಯಿಗೆ ಹತ್ತಿ ಅಲ್ಲೇ ಉಳಿಯಿತು. ಒಲೆ ಹತ್ತದಿದ್ದರೆ ಒಲೆಗೆ ಧಿಕ್ಕಾರ. ನಳದಲ್ಲಿ ನೀರು ಬರದಿದ್ದರೆ ಮುನಸಿಪಾಲ್ಟಿಗೆ ಧಿಕ್ಕಾರ. ಸಾವ್ಕಾರರ ಕೆಂಪು ಆಕಳು ಒದೆಯಲು ಕಾಲೆತ್ತಿದರೆ, "ಏ ಧಿಕ್ಕಾರ, ನಿಂದ್ರು" ಅನ್ನುತ್ತಿದ್ದಳು. ಆಕಳು ನಿಲ್ಲುತ್ತಿತ್ತು. ಬೇರೆ ಯಾರು ಹತ್ತಿರ ಹೋದರೂ ಒದೆ ಬೀಳುತ್ತಿತ್ತು.

ಕೊಟ್ರಪ್ಪನ ಮನೆಯ ಕೆಲಸ ಸಿಕ್ಕಿದ್ದು ಆಮೇಲೆ. ಕಸ, ಸಗಣಿ, ಬಟ್ಟೆ, ಆಕಳು. ಚೌಡವ್ವ ದೊಡ್ಡವಳಾದಳು. ರಾಣೇಬೆನ್ನೂರು ಆಚೆಯ ಮೇಡ್ಲೇರಿಗೆ, ತುಂಗಭದ್ರೆಯ ದಂಡೆಗೆ ಕೊಟ್ಟು ಮದುವೆ ಮಾಡಿದಳು. ಹೋದ ವರ್ಷ ಬೇಸಿಗೆಯಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಳು. ತವರು ಅಂದರೆ ರೈಲು ಹಳಿಯ ಬದಿಗೆ ನಾಲ್ಕು ಗೋಡೆ, ಮೇಲೆ ತಗಡು. ಮಧ್ಯಾಹ್ನ ಆ ತಗಡಿನ ಕೆಳಗೆ ಕೂತವರಿಗೆ ತಲೆ ಸುತ್ತಿ ಬರುತ್ತಿತ್ತು. ಕೂಸಿಗೆ ಜ್ವರ ಬಂತು, ವಾಂತಿ ಹತ್ತಿತು, ಹೆಸರಿಡುವ ಮೊದಲೇ ಹೋಯಿತು. ಹೂತು ಬಂದ ದಿನ ದುರಗವ್ವ ತಗಡಿನ ಕಡೆ ನೋಡಿದಳು. ಧಿಕ್ಕಾರ ಅನ್ನಲು ಬಾಯಿ ಬರಲಿಲ್ಲ.

ಈಗ ಚೌಡವ್ವ ಮತ್ತೆ ಬಸುರಿ. ಮತ್ತೆ ಬೇಸಿಗೆ.

ಹೀಗಿರುವಾಗ ಒಂದು ಮಧ್ಯಾಹ್ನ ದುರಗವ್ವ ಹಿತ್ತಲಲ್ಲಿ ಕೌದಿ ಹಿಂಡುತ್ತಿದ್ದಳು. ಹಸಿ ಕೌದಿ ಅಂದರೆ ಹೆಣಭಾರ. ಒಂದು ತುದಿಯನ್ನು ಬೇವಿನ ಗಿಡಕ್ಕೆ ಸುತ್ತಿ ಇನ್ನೊಂದು ತುದಿಯನ್ನು ತಾನು ಹಿಡಿದು ತಿರುವುತ್ತಿದ್ದಳು. ಶಾರದವ್ವ ಕೈಯಲ್ಲಿ ಉಣ್ಣೆಯ ಸ್ವೆಟರು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಒಳ್ಳೆ ಬಿಸಿಲಿನಲ್ಲಿ ಆ ಸ್ವೆಟರು ನೋಡಿದರೇ ಮೈ ಕಡಿಯುವಂತಿತ್ತು.

"ದುರಗವ್ವ, ಆಕಳು ಗಬ್ಬ ಐತಿ. ಬಿಸಲಾಗ ಕಟ್ಟಬ್ಯಾಡ. ತುಳಸಿಗೆ ದಿನಾ ನೀರ ಹಾಕು. ನಾವು ಬರೂತನಕ ಮನಿ ನೋಡ್ಕೊಂತ ಇರು."

ಅಷ್ಟು ಹೇಳಿ ಒಳಗೆ ಹೋದಳು.

ದುರಗವ್ವನ ಕೈಯಲ್ಲಿ ಕೌದಿ ಅರ್ಧ ತಿರುವಿದ್ದು ಅಲ್ಲೇ ನಿಂತಿತು. ಇರು ಅಂದರು. ಹಿತ್ತಲ ಮೂಲೆಯಲ್ಲಿ ಒಂದು ಖೋಲಿ ಇತ್ತು. ಹಂಚಿನ ಮಾಡು, ದಪ್ಪ ಮಣ್ಣಿನ ಗೋಡೆ, ಬೇವಿನ ನೆರಳು. ಹರಕು ಚೀಲ, ಮುರಿದ ಮಂಚ ತುಂಬಿ ಬಿಟ್ಟಿದ್ದರು. ನಾಲ್ಕು ಹೆಜ್ಜೆ ಆಚೆ ನಳ, ಅದರಾಚೆ ಪಾಯಖಾನೆ. ಮನೆ ನೋಡಿಕೊಂಡು ಇರುವವಳು ಇನ್ನೆಲ್ಲಿ ಇರಬೇಕು? ನಡುಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಅನ್ನುವುದು ಅವಳಿಗೂ ಗೊತ್ತು. ಆ ಖೋಲಿಯಲ್ಲೇ. ಚೌಡವ್ವನನ್ನು ಕರೆತಂದರೆ, ಹೆರಿಗೆ ಅಲ್ಲೇ, ಬಾಣಂತನ ಅಲ್ಲೇ. ತಲೆ ಮೇಲೆ ತಗಡು ಇಲ್ಲ.

ಒಳಗೆ ಹೋಗಿ ಇನ್ನೊಮ್ಮೆ ಕೇಳಬಹುದಿತ್ತು: ಅಕ್ಕಾರ, ಇರು ಅಂದ್ರ ಇಲ್ಲೇ ಇರು ಅಂತೇನ್ರಿ? ಕೇಳಲಿಲ್ಲ. ದೊಡ್ಡವರ ಬಾಯಿಂದ ಬಿದ್ದ ಒಳ್ಳೆ ಮಾತನ್ನು ಎರಡನೇ ಸಲ ಕೇಳಿದರೆ ಅವರು ಯೋಚನೆ ಮಾಡುತ್ತಾರೆ. ಯೋಚನೆ ಮಾಡಿದರೆ ಬದಲಾಯಿಸುತ್ತಾರೆ. ಇಷ್ಟು ವರ್ಷ ಅವರ ಹಿತ್ತಲಲ್ಲಿ ಕಳೆದವಳಿಗೆ ಇದು ಗೊತ್ತಿರದೇ ಇರುತ್ತದೆಯೇ? ಸುಮ್ಮನೆ ಕೌದಿ ಹಿಂಡಿದಳು.

ಮುಂದಿನ ಸೋಮವಾರ ಅರ್ಧ ದಿನ ಬಿಡಿಸಿಕೊಂಡು ಮೇಡ್ಲೇರಿಗೆ ಹೋದಳು. ರಾಣೇಬೆನ್ನೂರಲ್ಲಿ ಬಸ್ಸು ಬದಲಿ ಮಾಡಿ, ನಿಂತುಕೊಂಡೇ ಪ್ರಯಾಣ. ಚೌಡವ್ವನ ಅತ್ತೆ ಮುದುಕವ್ವ ಗದ್ದೆಯಿಂದ ಆಗಷ್ಟೇ ಬಂದು ಕಟ್ಟೆಯ ಮೇಲೆ ಕಾಲಿನ ಕೆಸರು ಉಜ್ಜುತ್ತಿದ್ದಳು. ಹೆಸರಿಗೆ ಮುದುಕವ್ವ, ಮೈಕಟ್ಟು ಎತ್ತಿನದು. ಬೀಗತಿಯನ್ನು ರೀ ಹಚ್ಚದೆ ಮಾತಾಡಿಸಿದವಳಲ್ಲ. ಆ ರೀ ಒಳಗೆ ಮುಳ್ಳಿರುತ್ತಿತ್ತು, ಅಷ್ಟೇ.

"ಬರ್ರಿ ಬೀಗ್ತಿ, ಕುಂದ್ರಿ. ಬ್ಯಾಡಗಿ ಖಾರ ತಂದೀರೇನು, ಬರೇ ಬಾಯಾಗಿಂದ ಅಷ್ಟನ?"

"ಎರಡೂ ತಂದೇನ್ರಿ. ಯಾವುದು ಮೊದಲ ಬೇಕು?"

"ಪುಡಿ ಇಲ್ಲಿಡ್ರಿ. ಬಾಯಾಗಿಂದು ಹೇಳ್ರಿ."

"ಚೌಡವ್ವನ್ನ ಕರಕೊಂಡು ಹೋಗಾಕ ಒಂದು ದಿನಾ ಹೇಳಿದ್ರ..."

ಮುದುಕವ್ವ ಕಾಲು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಎಲ್ಲಿಗ್ರಿ? ಆ ತಗಡಿನ ಕೆಳಗನ? ಒಂದು ಕೂಸು ಕುದಿಸಿ ಕೊಟ್ಟೀರಿ. ಸಾಕು."

ಬಾಗಿಲ ಮರೆಯಲ್ಲಿ ಹೊಟ್ಟೆ ಹಿಡಿದು ನಿಂತಿದ್ದ ಚೌಡವ್ವ ತಲೆ ತಗ್ಗಿಸಿದಳು. ದುರಗವ್ವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಉಳಿದಿರಬೇಕು.

"ತಗಡಿನ ಕೆಳಗ ಅಲ್ರಿ. ಸಾವ್ಕಾರರ ಹಿತ್ತಲದಾಗ ಹಂಚಿನ ಖೋಲಿ ಐತಿ, ನಳ ಐತಿ. ಅವರು ಲಂಡನ್ನಿಗೆ ಹೊಂಟಾರ. ನನಗ ಅಲ್ಲೇ ಇರು ಅಂದಾರ."

"ಬಾಯಿ ಬಿಟ್ಟು ಅಂದಾರೇನ್ರಿ?"

"ಅಂದಾರ್ರಿ. ಅಕ್ಕಾರು ತಾವ ಅಂದಾರ."

"ಇರು ಅಂತ?"

"ಇರು ಅಂತ."

ಚೌಡವ್ವ ನಡುವೆ ಬಾಯಿ ಹಾಕಿದಳು: "ಯವ್ವಾ, ನೀನ ಇಲ್ಲಿಗೆ ಬಂದು ಇದ್ರ ಆಗೂದಿಲ್ಲೇನು? ಇಲ್ಲಿ ಮಣ್ಣಿನ ಮ್ಯಾಳಗಿ ತಂಪ ಐತಿ."

ಇಬ್ಬರು ತಾಯಂದಿರೂ ಒಟ್ಟಿಗೇ ಮೂಗು ಮುರಿದರು. ಒಂದೇ ಒಂದು ಸಲ ಇಬ್ಬರ ಅಭಿಪ್ರಾಯ ಕೂಡಿದ್ದು ಅದು. ಹೆತ್ತವಳು ಬೀಗರ ಮನೆಯಲ್ಲಿ ಗಂಟು ಬಿಚ್ಚಿ ಕೂತು, ಅವರ ಕೂಳು ಉಂಡು ಬಾಣಂತನ ಮಾಡುವುದೆಂದರೆ, ಅದು ಕೇರಿಯಲ್ಲಿ ಮೂರು ತಲೆಮಾರು ಹೇಳಿಕೊಂಡು ನಗುವ ವಿಷಯ.

"ಹುಣ್ಣಿವಿ ಆಗಲಿ, ಬಂದು ಕರಕೊಂಡು ಹೋಗ್ರಿ" ಅಂದಳು ಮುದುಕವ್ವ. "ನನಗೂ ಗದ್ದಿ ಕೆಲಸ ಐತಿ. ನಾ ಮನ್ಯಾಗ ಬಾಣಂತಿ ಕಾಯಕೊಂತ ಕುಂತ್ರ ಹೊಟ್ಟಿಗೆ ಯಾರು ಹಾಕ್ತಾರ? ಆದರ ಹಂಚಿನ ಕೆಳಗ್ರಿ. ತಗಡು ಕಂಡ್ರ ನಾನ ಬಂದು ಎಳಕೊಂಡು ಬರ್ತೇನಿ."

ಅಲ್ಲಿಂದ ಬಂದವಳು ಹಿತ್ತಲ ಖೋಲಿಗೆ ಬಿದ್ದಳು. ಅದನ್ನು ಸ್ವಚ್ಛ ಮಾಡು ಅಂತ ಯಾರೂ ಹೇಳಿರಲಿಲ್ಲ. ಹಗಲೆಲ್ಲ ಖಾರ ಕುಟ್ಟಿ, ಸಂಜೆ ಮನೆಗೆ ಹೋಗುವ ಮೊದಲು ಅಲ್ಲಿ ಒಂದಿಷ್ಟು ಕೆಲಸ. ಹರಕು ಚೀಲ ಹೊರಗೆ ಎಳೆದಳು. ಇಲಿಯ ಬಿಲಗಳಿಗೆ ಗಾಜಿನ ಚೂರು ಸೇರಿಸಿ ಮಣ್ಣು ಮೆತ್ತಿದಳು. ನೆಲಕ್ಕೆ ಸಗಣಿ ಸಾರಿಸಿದಳು, ಗೋಡೆಗೆ ಸುಣ್ಣ ಹೊಡೆದಳು. ಮುರಿದ ಮಂಚದ ಕಾಲಿಗೆ ಕಲ್ಲು ಕೊಟ್ಟಳು. ಜಂತಿಯನ್ನು ಕೈಯಿಂದ ಜಗ್ಗಿ ನೋಡಿ ತೊಟ್ಟಿಲ ಹಗ್ಗ ಎಲ್ಲಿ ಹಾಕಬೇಕೆಂದು ನಿಶ್ಚಯ ಮಾಡಿದಳು. ಬಾಗಿಲು ಮುಚ್ಚಿ ಒಳಗೆ ನಿಂತರೆ ಮಧ್ಯಾಹ್ನದಲ್ಲೂ ಗಡಿಗೆಯೊಳಗೆ ನಿಂತಷ್ಟು ತಂಪು.

ಶಾರದವ್ವ ಒಮ್ಮೆ ಇಣುಕಿ ನೋಡಿ ಖುಷಿಯಾದಳು. ಮಂಗಳವ್ವನಿಗೆ ಕೇಳುವ ಹಾಗೆ ಅಂದಳು: "ನೋಡು, ಹೇಳದ ಮಾಡ್ಯಾಳ. ದುರಗವ್ವ ಅಂದ್ರ ಮನಿ ಮಗಳಿದ್ದಂಗ."

ಆ ಮನೆಮಗಳ ಕೈ ಆಗ ಹೇಗಿತ್ತೆಂದರೆ, ಬೆರಳು ಮಡಚಿದರೆ ಚರ್ಮ ಬಿರಿಯುತ್ತಿತ್ತು. ಲಂಡನ್ನಿನ ಖಾರದ ಪುಡಿಯನ್ನು ಚೀಲದೊಳಗೆ ಚೀಲ, ಅದರೊಳಗೆ ಚೀಲ ಹಾಕಿ ಹೊಲಿದರೂ ಶಾರದವ್ವನಿಗೆ ಸಮಾಧಾನವಿಲ್ಲ. "ಇಮಾನಿನ್ಯಾಗ ಒಡದು ಮಂದಿ ಸೀನಿದ್ರ?" ಅಂತ ಮತ್ತೆ ಬಿಚ್ಚಿಸಿ ಮತ್ತೆ ಹೊಲಿಸಿದಳು. ಜೋಳದ ಡ್ರಮ್ಮು ಪಡಸಾಲೆಯಿಂದ ಹಿತ್ತಲಿಗೆ ಬಂತು, ಹಿತ್ತಲಿಂದ ಪಡಸಾಲೆಗೆ ಹೋಯಿತು. ಮಗಳಿಗೆ ಅಲ್ಲಿ ಸಂಡಿಗೆ ಬೇಕು ಅನಿಸಿತು, ಮತ್ತೆ ಮಾಳಿಗೆ ಮೇಲೆ ಸೀರೆ ಹಾಸಿ ಕಾಗೆ ಕಾಯುವ ಕೆಲಸ. ದುರಗವ್ವನಿಗೆ ಕೂತಲ್ಲಿ ತೂಕಡಿಕೆ ಬರುತ್ತಿತ್ತು. ಒನಕೆ ಎತ್ತಿದವಳಿಗೆ ಒಂದು ಕ್ಷಣ ಅದನ್ನು ಯಾಕೆ ಎತ್ತಿದೆ ಅನ್ನುವುದೇ ಮರೆಯುತ್ತಿತ್ತು. ಆಮೇಲೆ ಬಿಳಿ ಸುಣ್ಣದ ಖೋಲಿ ಕಣ್ಣಿಗೆ ಬೀಳುತ್ತಿತ್ತು, ಒನಕೆ ಕೆಳಗಿಳಿಯುತ್ತಿತ್ತು.

ಅದೇ ವಾರ ಊರಲ್ಲಿ ಬಸವ ಜಯಂತಿ. ಕೊಟ್ರಪ್ಪ ವೇದಿಕೆಯ ಮೇಲಿದ್ದ. ನಮ್ಮಲ್ಲಿ ಮೈಲಿಗೆಯಿಲ್ಲ, ಹೆತ್ತ ಸೂತಕ ಇಲ್ಲ, ಸತ್ತ ಸೂತಕ ಇಲ್ಲ, ಹುಟ್ಟಿದ ಜೀವ ಯಾವುದಾದರೂ ಒಂದೇ ಅಂತ ಮೈಕಿನಲ್ಲಿ ಹೇಳಿದ. ಚಲೋ ಮಾತಾಡಿದ. ರೈಲು ಹಳಿಯ ತನಕ ಕೇಳಿಸಿತು. ದುರಗವ್ವ ತಗಡಿನ ಮನೆಯ ಮುಂದೆ ಕೂತು, ಬಿರಿದ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ತೊಟ್ಟಿಲ ಹಗ್ಗವನ್ನು ಸೆರಗಿನಲ್ಲಿ ಸುತ್ತಿಕೊಂಡು ದುರಗವ್ವ ಹಿತ್ತಲಿಗೆ ಬಂದಳು. ಅಂಗಡಿಯ ಹಮಾಲ ಮೈಲಪ್ಪ ಖೋಲಿಯ ಬಾಗಿಲಿಗೆ ಮೊಳೆ ಬಡಿಯುತ್ತಿದ್ದ.

"ಏನ ಮಾಡಾಕತ್ತಿ ಮೈಲಪ್ಪ?"

"ಚಿಲಕ ಬಡಿಯಾಕತ್ತೇನಿ. ಕಾಣವಲ್ದೇನು?"

"ಹೊರಗಿಂದ ಚಿಲಕಾ ಹಾಕಿದ್ರ ಒಳಗಿದ್ದವರು ಹೆಂಗ ಬರಬೇಕು?"

"ಒಳಗ ಯಾರದಾರ? ಮೆಣಸಿನಕಾಯಿ ಏನು ಎದ್ದು ಬರ್ತಾವೇನು?"

ಖೋಲಿಯೊಳಗೆ ನೆಲದಿಂದ ಜಂತಿಯ ತನಕ ಚೀಲ ಒಟ್ಟಿತ್ತು. ಕಲ್ಲು ಕೊಟ್ಟ ಮಂಚ ಹೊರಗೆ ಬೇವಿನ ಗಿಡಕ್ಕೆ ಆತು ನಿಂತಿತ್ತು. ಹಾವೇರಿಯಿಂದ ತಂದ ಹೊಸ ಕೀಲಿಗಳನ್ನು ಕೈಯಲ್ಲಿ ಹಿಡಿದು ಕೊಟ್ರಪ್ಪ ಬಂದ. ಮುಖದ ತುಂಬ ಮೆಚ್ಚುಗೆ.

"ಭಾಳ ಚಲೋ ಮಾಡಿದಿ ದುರಗವ್ವ. ಈ ಖೋಲಿ ಇಷ್ಟು ತಂಪ ಐತಿ ಅಂತ ನನಗೂ ಗೊತ್ತಿರಲಿಲ್ಲ. ಆರಿಸಿದ ಕಾಯಿ ಅಂಗಡ್ಯಾಗ ಇಟ್ರ ಬಣ್ಣ ಹೋಗ್ತದ. ಇಲ್ಲಿ ಎರಡು ತಿಂಗಳು ಇದ್ರೂ ಏನಾಗೂದಿಲ್ಲ."

ದುರಗವ್ವನ ಕೈ ಸೆರಗಿನೊಳಗಿನ ಹಗ್ಗದ ಮೇಲೆ ಹಾಗೇ ಇತ್ತು. "ಸಾವ್ಕಾರ, ನಾ ಎಲ್ಲಿ ಇರಬೇಕ್ರಿ ಹಂಗಾರ?"

"ಎಲ್ಲಿ ಇರಬೇಕು ಅಂದ್ರ?"

"ಅಕ್ಕಾರು ಇರು ಅಂದಾರ್ರಿ. ನೀವು ಬರೂತನಕ."

ಮಾತು ಕೇಳಿ ಶಾರದವ್ವ ಹೊರಗೆ ಬಂದಳು. ದುರಗವ್ವ ಎಲ್ಲವನ್ನೂ ಹೇಳಿದಳು. ಚೌಡವ್ವನ ದಿನ ತುಂಬುತ್ತ ಬಂದದ್ದು, ಬೀಗತಿಗೆ ಮಾತು ಕೊಟ್ಟದ್ದು, ಜಂತಿ ನೋಡಿದ್ದು. ಹೇಳುತ್ತ ಹೇಳುತ್ತ ಅವಳಿಗೇ ತನ್ನ ದನಿ ದೂರದಲ್ಲಿ ಯಾರೋ ಆಡಿದ ಹಾಗೆ ಕೇಳುತ್ತಿತ್ತು.

ಶಾರದವ್ವ ಕೆಟ್ಟ ಹೆಂಗಸಲ್ಲ. ಖರೇನೇ ಗಾಬರಿಯಾದಳು. "ಅಯ್ಯ, ನಾ ನೋಡ್ಕೊಂತ ಇರು ಅಂದೆ. ಇರು ಅಂದೆನೇನು?"

"ಇರು ಅಂತ ಕೇಳಿಸ್ತರಿ ನನಗ."

"ನೋಡ್ಕೊಂತ ಇರು ಅಂದ್ರ ದಿನಾ ಬಂದು ನೋಡಿ ಹೋಗು ಅಂತ. ಅದು ಮಾತಾಡೂ ರೀತಿ ದುರಗವ್ವ. ಎಲ್ಲಾರೂ ಹಂಗ ಅಂತಾರಲ್ಲ."

"ಹೌದ್ರಿ. ಎಲ್ಲಾರೂ ಅಂತಾರ."

"ಮತ್ತ ಬಾಣಂತಿ ಅಂದ್ರ... ಜಗಲಿ ಮ್ಯಾಲ ದೇವರದಾವು. ಮನ್ಯಾಗ ನಾವಿಲ್ಲ. ಹಡದ ಮೈಲಿಗಿ, ಅದೂ ನಮ್ಮದಲ್ಲದ್ದು..." ಶಾರದವ್ವ ಗಂಡನ ಕಡೆ ನೋಡಿದಳು.

ಕೊಟ್ರಪ್ಪ ಕೀಲಿ ನೋಡುತ್ತಿದ್ದ. ಒಂದು ಕೀಲಿಯನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಅವನ ಬಸವ ಜಯಂತಿಯ ಭಾಷಣವನ್ನು ಶಾರದವ್ವನೂ ಕೇಳಿದ್ದಳು, ದುರಗವ್ವನೂ ಕೇಳಿದ್ದಳು. ಕಡೆಗೆ ಅವನೇ ದನಿ ಸರಿ ಮಾಡಿಕೊಂಡು ಅಂದ: "ಹಂಗ ಬೇಕಂದ್ರ ನೀ ಒಬ್ಬಾಕಿ ದನದ ಕೊಟ್ಟಿಗ್ಯಾಗ ಮಲಗು. ಆಕಳಿಗೂ ಕಾವಲು ಆಗ್ತದ. ಬಾಣಂತಿ ಉಸಾಬರಿ ಬ್ಯಾಡ."

ಕಿಡಕಿಯ ಸಳಿಗಳ ಆಚೆಯಿಂದ ಮಂಗಳವ್ವನ ದನಿ ಬಂತು. ಯಾರಿಗೂ ಹೇಳಿದ್ದಲ್ಲ, ತವೆಯ ಮೇಲಿನ ರೊಟ್ಟಿಗೆ ಹೇಳಿದಂತೆ: "ಆಕಳು ಮಾತ್ರ ನೆಳ್ಳಾಗ ಈಯಬೇಕು."

"ಮಂಗಳವ್ವ, ರೊಟ್ಟಿ ಹೊತ್ತೀತು" ಅಂದಳು ಶಾರದವ್ವ.

"ಹೊತ್ತಿಲ್ಲ ತಗೋರಿ. ಬರೇ ವಾಸನಿ."

ದುರಗವ್ವ ಒರಳ ಕಲ್ಲಿನ ಮೇಲೆ ಕೂತಳು. ಜಗಳ ಮಾಡಬಹುದಿತ್ತು. ಹಾವೇರಿಯ ಮೆರವಣಿಗೆಯ ದುರಗವ್ವನಾಗಿದ್ದರೆ ಮಾಡುತ್ತಿದ್ದಳು. ಆದರೆ ಅಲ್ಲಿ ಬಯ್ಯುವುದಕ್ಕೆ ಎದುರಿಗೆ ಒಂದು ಸರಕಾರವಿತ್ತು. ಇಲ್ಲಿ ಇದ್ದದ್ದು ಒಂದು ಮಾತಿನ ಬಾಲ. ಅದನ್ನು ಹಿಡಿದು ನೇತಾಡಿದವಳು ತಾನೇ. ಇನ್ನು ಆ ಚೀಲಗಳು: ಅವುಗಳ ತುಂಬನ್ನು ಬಿಡಿಸಿದ್ದು ತನ್ನಂಥವರೇ, ಅವು ಮಲಗಲೆಂದು ನೆಲ ಸಾರಿಸಿಕೊಟ್ಟದ್ದು ತಾನೇ.

"ಆತ್ರಿ" ಅಂದಳು. ಎದ್ದು ಉಳಿದ ಖಾರ ಜರಡಿ ಹಿಡಿದಳು.

ಬೆಳಿಗ್ಗೆ ಬಾಡಿಗೆಯ ಅಂಬಾಸಿಡರ್ ಬಂತು. ಹುಬ್ಬಳ್ಳಿ ತನಕ ಕಾರು, ಅಲ್ಲಿಂದ ಮುಂಬಯಿ, ಅಲ್ಲಿಂದ ವಿಮಾನ. ಓಣಿಯವರು ನೆರೆದಿದ್ದರು. ಕಾಯಿ ಒಡೆದರು, ಗಾಲಿಗೆ ನಿಂಬೆಹಣ್ಣು ಇಟ್ಟರು. ದುರಗವ್ವ ಮುಂಜಾನೆಯೇ ಬಂದು ಅಂಗಳ ಗುಡಿಸಿ, ಆಕಳಿಗೆ ನೀರು ಕುಡಿಸಿ, ತುಳಸಿಗೆ ನೀರು ಹಾಕಿ, ಗಂಟುಗಳನ್ನೆಲ್ಲ ಕಾರಿನ ಹಿಂದೆ ತುಂಬಿದ್ದಳು. ಖಾರದ ಚೀಲವನ್ನು ಕಡೆಗೆ ಇಟ್ಟಳು. ಡ್ರೈವರ್ ಆಗಲೇ ಸೀನಲು ಶುರು ಮಾಡಿದ್ದ. ಮುಂಬಾಗಿಲಿಗೆ ಒಂದು ಕೀಲಿ, ಹಿತ್ತಲ ಬಾಗಿಲಿಗೆ ಒಂದು, ಖೋಲಿಗೆ ಒಂದು. ಕಟ್ಟೆಯ ಮೇಲೆ ರಾತ್ರಿ ಮಲಗುವ ಕೆಲಸ ಮೈಲಪ್ಪನಿಗೆ.

ಕಾರು ಹತ್ತಿ ಕೂತ ಶಾರದವ್ವನಿಗೆ ಕಣ್ಣು ತುಂಬಿ ಬಂತು. ಮನೆ ಬಿಟ್ಟು ಇಷ್ಟು ದಿನ ಎಂದೂ ಇದ್ದವಳಲ್ಲ. ಕಿಡಕಿಯಿಂದ ತಲೆ ಹಾಕಿ, ಬಾಯಿಗೆ ರೂಢಿಯಿದ್ದ ಮಾತನ್ನೇ ಮತ್ತೆ ಆಡಿದಳು: "ದುರಗವ್ವ, ನೋಡ್ಕೊಂತ ಇರು."

"ನೋಡೇನ್ರಿ ಅಕ್ಕಾರ" ಅಂದಳು ದುರಗವ್ವ. "ಇರೂದಿಲ್ಲ."

ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಹತ್ತಿರ ನಿಂತ ಮೈಲಪ್ಪನಿಗೆ ಕೇಳಿಸಿತು. ಡ್ರೈವರ್ ಗೇರು ಹಾಕಿದ.

"ಏನಂದ್ಲು?" ಅಂತ ಶಾರದವ್ವ ಗಂಡನನ್ನು ಕೇಳಿದಳು.

"ಹೂಂ ಅಂದ್ಲು" ಅಂದ ಕೊಟ್ರಪ್ಪ.

ಧೂಳು ಕೂತ ಮೇಲೆ ದುರಗವ್ವ ಕಸಬರಿಗೆಯನ್ನು ಕಟ್ಟೆಗೆ ಆನಿಸಿಟ್ಟಳು. ಮೈಲಪ್ಪನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಆಕಳ ಹಗ್ಗ ಅವನ ಕೈಗೆ ಕೊಟ್ಟಳು. "ಗಬ್ಬ ಐತಿ. ಬಿಸಲಾಗ ಕಟ್ಟಬ್ಯಾಡ. ಒದೀತದ, ಮಗ್ಗಲಕ ನಿಂದ್ರು. ಧಿಕ್ಕಾರ ಅನ್ನು, ಸುಮ್ನಾಗ್ತದ."

"ಏ ಯಕ್ಕಾ, ನಾ ಚೀಲಾ ಹೊರಾಂವ. ಇದೆಲ್ಲ ನನಗ ಬರೂದಿಲ್ಲ. ಸಾವ್ಕಾರು ಬಂದ್ರ ನಿನ್ನ ಕೆಲಸ ಉಳಿಯೂದಿಲ್ಲ ನೋಡು."

"ಗೊತ್ತೈತಿ."

"ಮತ್ತ ಹೊಟ್ಟಿಗೆ?"

"ತುಂಬು ಎಲ್ಲಿ ಹೋಗ್ಯಾವು? ಇನ್ನೂ ಮೆಣಸಿನಕಾಯಿಗೆ ಹತ್ತ್ಯಾವಲ್ಲ."

ತಗಡಿ​ನ ಮನೆಗೆ ಹೋಗಿ ಎರಡು ಸೀರೆ, ಒಂದು ಕೌದಿ, ತೊಟ್ಟಿಲ ಹಗ್ಗ ಗಂಟು ಕಟ್ಟಿದಳು. ಬಾಗಿಲು ಎಳೆದುಕೊಂಡಳು. ಅವಳ ಮನೆ ಬಿಟ್ಟು ಹೋಗುವುದಕ್ಕೆ ಅಷ್ಟೇ ತಯಾರಿ ಸಾಕಾಯಿತು.

ಮೇಡ್ಲೇರಿಯಲ್ಲಿ ಬಸ್ಸು ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಹೊಳೆಯ ಕಡೆಯಿಂದ ಬರುವ ಗಾಳಿಗೆ ಗದ್ದೆಯ ವಾಸನೆ. ಕೇರಿಯ ಹೆಂಗಸರು ಗಂಟನ್ನು ಮೊದಲು ನೋಡಿದರು, ಆಮೇಲೆ ಅವಳನ್ನು. ಮುದುಕವ್ವ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು.

"ಹುಣ್ಣಿವಿ ಇನ್ನೂ ಆಗಿಲ್ಲಲ್ರಿ ಬೀಗ್ತಿ. ಇಷ್ಟು ಲಗೂ ಕರಕೊಂಡು ಹೋಗಾಕ ಬಂದೀರೇನು?"

"ಇಲ್ರಿ."

"ಖೋಲಿ?"

"ಖೋಲ್ಯಾಗ ಮೆಣಸಿನಕಾಯಿ ಇರ್ತಾವಂತ್ರಿ."

"ಇರು ಅಂದಾರ ಅಂದಿದ್ರಿ."

"ಮುಂದ ಇನ್ನೊಂದು ಮಾತು ಇತ್ತರಿ. ನನಗ ಹಿಂದಿಂದು ಅಷ್ಟ ಕೇಳಿಸ್ತು."

ಮುದುಕವ್ವನಿಗೆ ಇದು ಎಷ್ಟು ತಿಳಿಯಿತೋ. ಬುತ್ತಿಯ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ದುರಗವ್ವ ಮುಂದಿನ ಮಾತನ್ನು ದಾರಿಯುದ್ದಕ್ಕೂ ಸರಿ ಮಾಡಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಬೇರೆಯೇ: "ತಗಡಿನ ಕೆಳಗ ನಾ ಕರಕೊಂಡು ಹೋಗೂದಿಲ್ಲ. ಇಲ್ಲೇ ಬಾಣಂತನಾ ಮಾಡ್ತೇನಿ. ನೀವು ಗದ್ದಿಗೆ ಹೋಗ್ರಿ. ನನ್ನ ಕೂಳಿಗೆ ನಾನೂ ಒಂದು ಹೊತ್ತು ನಿಮ್ಮ ಗದ್ದಿಗೆ ಬರ್ತೇನಿ."

"ಊರು ನಗ್ತದ್ರಿ."

"ನಗಲಿ ಬಿಡ್ರಿ. ಅವರಿಗೂ ಬ್ಯಾಸಗಿ ಐತಿ, ಹೊತ್ತು ಹೋಗಬೇಕಲ್ಲ."

ಮುದುಕವ್ವ ನಗಲಿಲ್ಲ. ಕೇರಿಯ ಕಡೆ ಒಮ್ಮೆ ನೋಡಿದಳು. ಎದುರು ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ಕಿವಿ ಕೊಟ್ಟಿದ್ದರು. ಅವರತ್ತ ಬೆನ್ನು ಮಾಡಿ ಬೀಗತಿಯ ಗಂಟನ್ನು ಕಿತ್ತುಕೊಂಡು ಒಳಗೆ ಎಸೆದಳು.

"ಇರು" ಅಂದಳು.

ರೀ ಇರಲಿಲ್ಲ. ಚೌಡವ್ವನ ಮದುವೆಯಾದಾಗಿನಿಂದ ಆ ಬಾಯಿಂದ ರೀ ಇಲ್ಲದ ಮಾತನ್ನು ದುರಗವ್ವ ಕೇಳಿರಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಈ ಮಾತಿಗೂ ಹಿಂದೆ ಮುಂದೆ ಏನಾದರೂ ಹತ್ತಿಕೊಂಡಿದೆಯೋ ಅಂತ ಕಾದಳು.

"ಏನ ಮಾಡ್ಕೊಂತ ಇರ್ಲಿ?"

"ಏನ ಮಾಡ್ಕೊಂತ ಅಂದ್ರ? ಬರೇ ಇರಾಕ ಬರೂದಿಲ್ಲೇನು ನಿನಗ?"

"ಬರೂದಿಲ್ಲ."

"ಬರೂದಿಲ್ಲಂದ್ರ ಕುಂದ್ರು. ಚೌಡವ್ವ, ನಿಮ್ಮವ್ವಗ ನೀರು ಕೊಡು."

ಮಣ್ಣಿನ ಮಾಳಿಗೆಯ ಕೆಳಗೆ ಮಬ್ಬು, ತಂಪು. ದುರಗವ್ವ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು. ಇನ್ನೊಬ್ಬರ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಕಾಲು ಚಾಚಿದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಲು ಹೋದಳು, ಅದು ಸಿಗುವ ಮೊದಲೇ ಕಣ್ಣು ಮುಚ್ಚಿದವು. ಚೌಡವ್ವ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ತಂಬಿಗೆ ತರುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಸಣ್ಣ ಗೊರಕೆಯಲ್ಲ.

ಹೊಲಕ್ಕೆ ಹೊರಟಿದ್ದ ಮುದುಕವ್ವ ಅಂಗಳದಿಂದ ತಿರುಗಿ ನೋಡಿದಳು. "ನೋಡವ್ವಾ, ಬಾಣಂತನಾ ಮಾಡಾಕ ಬಂದಾಕಿ" ಅಂದಳು ಸೊಸೆಗೆ. "ಎಬ್ಬಸಬ್ಯಾಡ. ನೀರು ಅಲ್ಲೇ ಇಡು."